ಕರುಳು, ಮರೆವು ಮತ್ತು ಕೂಡಿ ಮಾಡಬೇಕಾದ ಸಂಶೋಧನೆ

ಬ್ಯಾಟರಾಯನಪುರದ ನಮ್ಮ ಚಿಕಿತ್ಸಾಲಯಕ್ಕೆ ವಯಸ್ಸಾದ ತಂದೆತಾಯಿಯರನ್ನು ಕರೆತರುವ ಮಕ್ಕಳು ಈಚೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ಕರುಳನ್ನು ಶುದ್ಧಿ ಮಾಡಿದರೆ ಮರೆವಿನ ಕಾಯಿಲೆ ಗುಣವಾಗುತ್ತದೆಯಂತೆ, ನಿಜವೇ? ಮೊಬೈಲಿಗೆ ಬಂದ ಸಂದೇಶವನ್ನೂ ತೋರಿಸುತ್ತಾರೆ. ಅದರ ಕೆಳಗೆ ಯಾವುದೋ ಚೂರ್ಣದ ಬೆಲೆ ಇರುತ್ತದೆ. ಈ ಪ್ರಶ್ನೆಗೆ ಹೌದು ಎನ್ನುವಷ್ಟು ಆಧಾರ ಇಂದು ಆಯುರ್ವೇದದವರಾದ ನಮ್ಮಲ್ಲಿಯೂ ಇಲ್ಲ, ಅಲೋಪತಿಯವರಲ್ಲಿಯೂ ಇಲ್ಲ. ಆಧಾರ ದೊರೆಯಬೇಕಾದರೆ ಸಾವಿರಾರು ಜನರನ್ನು ಹಲವು ವರ್ಷಗಳ ಕಾಲ ಒಂದೇ ಕ್ರಮದಲ್ಲಿ ಪರೀಕ್ಷಿಸಬೇಕು. ಆ ಸಾವಿರಾರು ಜನರಲ್ಲಿ ನಾವೂ ಇರಬೇಕೆಂಬುದು ನಮ್ಮ ಅಭಿಪ್ರಾಯ.

ವಿಷಯ ಸಣ್ಣದಲ್ಲ. 2023 ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಭಾರತದ 60 ವರ್ಷ ಮೀರಿದವರಲ್ಲಿ ಶೇ. 7.4 ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು ಅಂದಾಜು ಮಾಡಿತು. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಈ ಪ್ರಮಾಣ ಹೆಚ್ಚು.

ಕರುಳಿನ ಮಾತು ಎಲ್ಲಿಂದ ಬಂತು? ನಮ್ಮ ಕರುಳಿನಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ನಾವು ಉಂಡ ನಾರಿನಂಶವನ್ನು ಅವು ಒಡೆದು ಹಲವು ಪದಾರ್ಥಗಳನ್ನಾಗಿ ಮಾಡುತ್ತವೆ. ಅವುಗಳಲ್ಲಿ ಕೆಲವು ರಕ್ತದ ಮೂಲಕ ದೇಹದೆಲ್ಲೆಡೆ ಸಂಚರಿಸುತ್ತವೆ. ಕರುಳಿನಿಂದ ಮೆದುಳಿಗೆ ನರಗಳ ನೇರ ದಾರಿಯೂ ಉಂಟು. ಅಮೆರಿಕದ ವಿಸ್ಕಾನ್ಸಿನ್‌ನ ತಜ್ಞರು 2017 ರಲ್ಲಿ 25 ಮಂದಿ ಆಲ್ಜೈಮರ್ಸ್ ರೋಗಿಗಳ ಮಲವನ್ನು ಪರೀಕ್ಷಿಸಿ, ಅವರ ಕರುಳಿನ ಬ್ಯಾಕ್ಟೀರಿಯಗಳಲ್ಲಿ ವೈವಿಧ್ಯ ಕಡಿಮೆಯಿರುವುದನ್ನು ಕಂಡರು. 2023 ರಲ್ಲಿ ಐರ್ಲೆಂಡ್, ಇಂಗ್ಲೆಂಡ್, ಇಟಲಿಗಳ ತಜ್ಞರು ಒಟ್ಟುಗೂಡಿ, ಇಂಥ ರೋಗಿಗಳ ಕರುಳಿನ ಬ್ಯಾಕ್ಟೀರಿಯಗಳನ್ನು ಎಳೆಯ ಇಲಿಗಳಿಗೆ ಸೇರಿಸಿದಾಗ ಆ ಇಲಿಗಳ ನೆನಪು ಕುಂದಿತು.

ಇಷ್ಟು ಓದಿ ಚೂರ್ಣ ಕೊಳ್ಳಲು ಹೊರಡುವವರು ತುಸು ತಾಳಬೇಕು. ಮರೆವು ಬಂದವರು ಊಟವನ್ನೇ ಮರೆಯುತ್ತಾರೆ, ಮೆತ್ತನೆಯ ಸಿಹಿಯನ್ನಷ್ಟೇ ಬಯಸುತ್ತಾರೆ, ನಡೆದಾಡುವುದಿಲ್ಲ; ಮಲಬದ್ಧತೆಯಿಂದ ಬಳಲುತ್ತಾರೆ, ಹಲವು ಔಷಧಿಗಳನ್ನು ನುಂಗುತ್ತಾರೆ. ಕರುಳು ಬದಲಾಗಲು ಇವಿಷ್ಟೇ ಸಾಕು. ಕರುಳು ಕೆಟ್ಟು ಮರೆವು ಬಂತೋ, ಮರೆವು ಬಂದು ಕರುಳು ಕೆಟ್ಟಿತೋ? ರೋಗ ಬಂದ ಮೇಲೆ ನೋಡಿದರೆ ಇದು ತಿಳಿಯುವುದಿಲ್ಲ. ಆರೋಗ್ಯವಂತರಾಗಿರುವಾಗಲೇ ಆರಂಭಿಸಿ ವರ್ಷವರ್ಷವೂ ನೋಡುತ್ತ ಹೋಗಬೇಕು.

ಹಾಗೆ ನೋಡುವುದು ಒಂದು ಆಸ್ಪತ್ರೆಯ ಅಳವಿಗೆ ಮೀರಿದ ಕೆಲಸ. ಮಲದ ಮಾದರಿಯನ್ನು ಒಂದೆಡೆ ತಕ್ಷಣ ಶೀತಲೀಕರಿಸಿ, ಇನ್ನೊಂದೆಡೆ ಅರ್ಧ ದಿನ ಹೊರಗಿಟ್ಟರೆ ಎರಡರ ಫಲಿತಾಂಶವನ್ನು ಹೋಲಿಸಲಾಗದು. ಕಳೆದ ತಿಂಗಳು ಆಂಟಿಬಯೋಟಿಕ್ ಸೇವಿಸಿದ್ದಾರೆಯೇ, ನಿತ್ಯದ ಊಟವೇನು ಎಂಬುದನ್ನೂ ಎಲ್ಲ ಕೇಂದ್ರಗಳು ಒಂದೇ ಪ್ರಶ್ನಾವಳಿಯಿಂದ ಕೇಳಬೇಕು. ಅಮೆರಿಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ರೀಮಾ ಕದ್ದೂರಾ ದಾವೂಕ್ ಅವರ ಮುಂದಾಳತ್ವದಲ್ಲಿ ಹಲವು ಆಲ್ಜೈಮರ್ಸ್ ಕೇಂದ್ರಗಳು ಸೇರಿ ಇಂಥ ಸಾಮೂಹಿಕ ಯೋಜನೆಯನ್ನು ನಡೆಸುತ್ತಿವೆ. ಆದರೆ ಅಲ್ಲಿನವರ ತಟ್ಟೆಯಲ್ಲಿ ರಾಗಿಮುದ್ದೆಯಿಲ್ಲ, ಜೋಳದ ರೊಟ್ಟಿಯಿಲ್ಲ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿಲ್ಲ. ಅಲ್ಲಿ ಕಂಡ ಸತ್ಯ ನಮ್ಮ ಕರುಳಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬೇಕು.

ಅದಕ್ಕೆ ಅಡಿಪಾಯ ನಮ್ಮಲ್ಲಿಯೇ ಇದೆ. ಹೆಬ್ಬಾಳ ದಾಟಿದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018 ರಿಂದ ಒಂದು ಅಧ್ಯಯನವನ್ನು ಕೈಗೊಂಡಿದೆ. 45 ವರ್ಷ ಮೀರಿದ, ಮರೆವಿನ ಕಾಯಿಲೆಯಿಲ್ಲದ 10,000 ಗ್ರಾಮೀಣರನ್ನು ದೀರ್ಘಕಾಲ ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ. ನಿಮ್ಹಾನ್ಸ್ ಸೇರಿದಂತೆ ದೇಶದ ಹಲವು ಆಸ್ಪತ್ರೆಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ನೆನಪಿನ ಪರೀಕ್ಷೆಯನ್ನು ಸಿದ್ಧಪಡಿಸಿವೆ. ಅಕ್ಷರ ಬಾರದವರಿಗೂ ಅದು ಹೊಂದುತ್ತದೆ. ಓದು ಬಾರದ ಅಜ್ಜಿಗೆ ಪತ್ರಿಕೆ ಓದಿಸಿ ‘ಮರೆವು ಬಂದಿದೆ’ ಎಂದು ಬರೆಯುವ ಪರೀಕ್ಷೆಗಳಿಂದ ಯಾರಿಗೇನು ಪ್ರಯೋಜನ? ಇಂಥ ಅಡಿಪಾಯದ ಮೇಲೆಯೇ ಕರುಳಿನ ಅಧ್ಯಯನವನ್ನೂ ಕಟ್ಟಬೇಕು.

ಇನ್ನು ನಮ್ಮ ವೈದ್ಯಬಂಧುಗಳಿಗೆ ಒಂದು ಮಾತು. ಚರಕ ಸಂಹಿತೆಯು ಅಗ್ನಿಗೂ ಗ್ರಹಣಿಗೂ ಒಂದು ಪೂರ್ಣ ಅಧ್ಯಾಯವನ್ನೇ ಮೀಸಲಿಟ್ಟಿದೆ. ಸ್ಮೃತಿ ಕೆಡುವುದನ್ನು ಪ್ರಜ್ಞಾಪರಾಧದ ಭಾಗವಾಗಿ ವಿವರಿಸಿದೆ. ಅದು ನಮ್ಮ ಹೆಮ್ಮೆ. ಆದರೆ ‘ಇದೆಲ್ಲ ನಮಗೆ ಎಂದೋ ಗೊತ್ತಿತ್ತು’ ಎಂದು ಸಭೆಯಲ್ಲಿ ಹೇಳಿ ಕುಳಿತುಕೊಳ್ಳುವುದರಿಂದ ಒಬ್ಬ ರೋಗಿಗೂ ನೆನಪು ಮರಳದು. ಮಹಾರಾಷ್ಟ್ರದ ಗ್ರಾಮೀಣರ ಕರುಳಿನ ಬ್ಯಾಕ್ಟೀರಿಯಗಳನ್ನು ವಾತ, ಪಿತ್ತ, ಕಫ ಪ್ರಕೃತಿಗಳಿಗೆ ಅನುಗುಣವಾಗಿ ಹೋಲಿಸಿದ ಅಧ್ಯಯನವೊಂದು 2018 ರಲ್ಲಿ ಪ್ರಕಟವಾಯಿತು. ಅದನ್ನು ನಾಡಿನಾದ್ಯಂತ ಮುಂದುವರಿಸಬೇಕಾದರೆ ಮೊದಲು ನಾವು ಒಂದಾಗಬೇಕು. ಒಬ್ಬನೇ ವ್ಯಕ್ತಿಯ ಪ್ರಕೃತಿಯನ್ನು ನಾಲ್ವರು ವೈದ್ಯರು ನಾಲ್ಕು ಬಗೆಯಾಗಿ ಹೇಳುವವರೆಗೆ ನಮ್ಮ ಟಿಪ್ಪಣಿಗಳನ್ನು ಯಾವ ವಿಜ್ಞಾನಿ ಬಳಸಿಯಾನು? ಯಲಹಂಕದಲ್ಲಿ ಆಯುರ್ವೇದವನ್ನೂ ಆಧುನಿಕ ವಿಜ್ಞಾನವನ್ನೂ ಜೊತೆಗಿರಿಸಿ ಕೆಲಸ ಮಾಡುವ ವಿಶ್ವವಿದ್ಯಾಲಯವೇ ಇದೆ. ಅಂಥಲ್ಲಿ ಕುಳಿತು ಒಂದು ಸಮಾನ ಕ್ರಮವನ್ನು ಗೊತ್ತುಪಡಿಸಿಕೊಳ್ಳುವುದು ಅಸಾಧ್ಯವೇನಲ್ಲ.

ಶ್ರೀಮಠದಿಂದಲೂ ಇದಕ್ಕೆ ನೆರವು ದೊರೆಯಬಹುದೆಂದು ಪೂಜ್ಯರಲ್ಲಿ ಬಿನ್ನವಿಸಿಕೊಳ್ಳುತ್ತೇವೆ. ದಾಸೋಹದ ಅಡುಗೆಮನೆಯಲ್ಲಿ ಯಾವ ದಿನ ಏನು ಬೇಯಿತೆಂಬುದಕ್ಕೆ ಲೆಕ್ಕವಿರುತ್ತದೆ. ಇಂಥ ಆಹಾರದ ದಾಖಲೆ ಸಂಶೋಧಕರಿಗೆ ಬೇರೆಡೆ ಸುಲಭವಾಗಿ ಸಿಗದು. ಜಾತ್ರೆಯ ದಿನಗಳಲ್ಲಿ ಹಿರಿಯರಿಗಾಗಿ ನೆನಪಿನ ತಪಾಸಣಾ ಶಿಬಿರವನ್ನೂ ಏರ್ಪಡಿಸಬಹುದು. ಸಂಶೋಧನೆಗೆ ಕರೆ ಬಂದರೆ ಭಕ್ತರು ಮಲದ ಮಾದರಿಯೆಂದು ಮುಜುಗರಪಡಬೇಕಿಲ್ಲ. ಆದರೆ ಮಾದರಿ ಯಾರ ವಶದಲ್ಲಿರುತ್ತದೆ, ಹೆಸರು ಗೋಪ್ಯವಾಗಿರುತ್ತದೆಯೇ, ಬೇಡವೆನಿಸಿದಾಗ ಹೊರಬರಬಹುದೇ ಎಂದು ಕೇಳಿ, ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡ ನಂತರವೇ ಸಹಿ ಮಾಡಬೇಕು.

ಅಲ್ಲಿಯವರೆಗೆ ಮನೆಯ ಹಿರಿಯರಿಗೆ ಮರೆವು ಕಂಡರೆ ಕರುಳಿನ ಶುದ್ಧಿಗೆ ಧಾವಿಸದೆ, ಮೊದಲು ವೈದ್ಯರ ಬಳಿ ಥೈರಾಯ್ಡ್ ಮತ್ತು ವಿಟಮಿನ್ ಬಿ-12 ರಕ್ತಪರೀಕ್ಷೆ ಮಾಡಿಸಿರಿ. ಸಸ್ಯಾಹಾರಿಗಳಾದ ನಮ್ಮಲ್ಲಿ ಬಿ-12 ಕೊರತೆ ಸಾಮಾನ್ಯ. ಅದರಿಂದ ಬಂದ ಮರೆವನ್ನು ಬೇಗ ಗುರುತಿಸಿದರೆ ಚಿಕಿತ್ಸೆಯಿಂದ ಸುಧಾರಿಸಬಹುದು. ನರರೋಗತಜ್ಞರು ಈಗಾಗಲೇ ಕೊಟ್ಟಿರುವ ಮಾತ್ರೆಗಳನ್ನು ಯಾವ ಕಷಾಯಕ್ಕಾಗಿಯೂ, ನಾವು ಕೊಟ್ಟ ಕಷಾಯವೇ ಆಗಿದ್ದರೂ, ಅವರನ್ನು ಕೇಳದೆ ನಿಲ್ಲಿಸಬೇಡಿರಿ.