ಬಂಡಿ ಬಿಡಲೊಂದು ಜಾಗ

ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಬಂಡಿ ಬಿಡುವ ಕಷ್ಟ ಗೊತ್ತು. ಅಂದು ಚಕ್ಕಡಿ, ಇಂದು ಟ್ರ್ಯಾಕ್ಟರ್. ಹಾಸಿಗೆ, ಒಲೆ, ರೊಟ್ಟಿಯ ಗಂಟು ಎಲ್ಲವೂ ಅದರಲ್ಲೇ. ಫ್ರಾನ್ಸಿನಲ್ಲಿಯೂ ಜುಲೈ, ಆಗಸ್ಟ್ ರಜೆಯಲ್ಲಿ ಮನೆಯಂಥ ವಾಹನಗಳಲ್ಲಿ ಸುತ್ತುವವರು ಜಾಗಕ್ಕಾಗಿ ಪರದಾಡುತ್ತಾರೆ. ಆದರೆ ಅಲ್ಲಿಯ ಅನೇಕ ಊರುಗಳು ಅವರಿಗೆಂದೇ ತಾಣ ಮೀಸಲಿಟ್ಟು, ಕುಡಿಯುವ ನೀರು ತುಂಬಿಕೊಳ್ಳಲು, ಕೊಳೆ ನೀರು ಹರಿಯಬಿಡಲು ಅನುಕೂಲ ಕಲ್ಪಿಸಿವೆ.

ಒಮ್ಮೆ ಜಾತ್ರೆಯೊಂದಕ್ಕೆ ಹೊತ್ತು ಮುಳುಗಿದ ಮೇಲೆ ತಲುಪಿ, ರಸ್ತೆಯಂಚಿನಲ್ಲಿಯೇ ಮಲಗಿದೆವು. ರಾತ್ರಿಯಿಡೀ ಲಾರಿಗಳು ತಲೆಯ ಪಕ್ಕದಲ್ಲಿ ಹಾಯ್ದವು. ನಸುಕಿಗೆ ಮೊದಲೇ ಹೆಣ್ಣುಮಕ್ಕಳು ಮರೆಯನ್ನು ಹುಡುಕಿ ಹೊರಟರು. ದೇವಿಯ ದರ್ಶನಕ್ಕೆ ಬಂದ ತಾಯಂದಿರಿಗೆ ಇದೇನು ಮರ್ಯಾದೆ?

ಜಾತ್ರೆಯ ಹಾದಿಯ ಪಂಚಾಯಿತಿಗಳು ಕೊಯ್ಲಾದ ಹೊಲವೊಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ಪಡೆದು ನೀರು, ದೀಪ, ಶೌಚಾಲಯ ಒದಗಿಸಲಿ. ಬಂಡಿಗಿಷ್ಟೆಂದು ಶುಲ್ಕ ಪಡೆಯಲಿ; ಭಕ್ತರು ಬೇಡವೆನ್ನಲಾರರು. ನಮ್ಮ ತಾಲೂಕಿನ ಅಂಬಾಮಠದ ಜಾತ್ರೆಯಿಂದಲೇ ಇದು ಆರಂಭವಾಗಲಿ.

ನಮ್ಮ ಆರ್.ಎಚ್. ಕ್ಯಾಂಪಿನ ಹೆಸರಿನಲ್ಲಿಯೇ ಪುನರ್ವಸತಿಯಿದೆ. ಪೂರ್ವ ಪಾಕಿಸ್ತಾನದಿಂದ ನೆಲೆ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ ಶಾಶ್ವತವಾಗಿ ನೆಲೆಯಿತ್ತ ಸೀಮೆಯಿದು. ಎರಡು ರಾತ್ರಿಯ ಅತಿಥಿಗೆ ಇಲ್ಲಿ ಜಾಗವಿಲ್ಲವೆನ್ನಬಹುದೆ? ಪಂಚಾಯಿತಿಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಯೋಚಿಸಬೇಕು.