ಮನೆಗೊಂದು ಪಿಕಪ್ ಬಂಡಿ: ಹೇರಿಗೋ, ಮನೆಮಂದಿಗೋ?

ನಮ್ಮ ಒಕ್ಕಲು ಮನೆಗಳಲ್ಲಿ ಹಿಂದೆ ಎತ್ತಿನ ಗಾಡಿಯೊಂದಿದ್ದರೆ ಎಲ್ಲ ಕೆಲಸಕ್ಕೂ ಅದೇ ಸಾಕಾಗುತ್ತಿತ್ತು. ಹೊಲಕ್ಕೆ ಗೊಬ್ಬರ ಹೇರುವುದಕ್ಕೂ ಅದೇ, ಕಡಲೆಕಾಯಿ ಮೂಟೆಗಳನ್ನು ಪೇಟೆಗೆ ಸಾಗಿಸುವುದಕ್ಕೂ ಅದೇ, ಕಮಾನು ಕಟ್ಟಿ ಹುಲ್ಲು ಹಾಸಿದರೆ ಹೆಣ್ಣುಮಕ್ಕಳು ಜಾತ್ರೆಗೆ ಹೋಗುವುದಕ್ಕೂ ಅದೇ. ಅದರ ವೇಗವು ಮನುಷ್ಯನ ನಡಿಗೆಯ ವೇಗವಾಗಿದ್ದುದರಿಂದ ಆಯ ತಪ್ಪಿ ಬಿದ್ದವರು ಮೈ ಕೊಡವಿ ಎದ್ದು ಬರುತ್ತಿದ್ದರು. ಇಂದು ಎತ್ತು ಹೋಗಿ ಎಂಜಿನು ಬಂದಿದೆ. ವೇಗ ಹತ್ತರಷ್ಟಾಗಿದೆ. ಆದರೆ ಹೇರನ್ನೂ ಜನರನ್ನೂ ಒಂದೇ ಬಂಡಿಯ ಮೇಲೆ ಕೂಡಿಸುವ ಹಳೆಯ ರೂಢಿ ಮಾತ್ರ ಹಾಗೆಯೇ ಉಳಿದಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಈಗ ನಡೆಯುತ್ತಿರುವ ಸಮಾಲೋಚನೆ ಒಂದೇ: ‘ದಿನದ ಓಡಾಟಕ್ಕೂ ಆಗಬೇಕು, ಹೇರಿಗೂ ಆಗಬೇಕು, ಬೇಕೆಂದಾಗ ಹಿಂದೆ ಟ್ರೈಲರು ಕಟ್ಟಿ ಎಳೆಯುವುದಕ್ಕೂ ಆಗಬೇಕು, ಅಂತಹ ಬಂಡಿ ಯಾವುದು?’ ವಳ್ಳೂರಿನ ಕಡೆಯ ಮನೆಯಾಗಲಿ, ಪೇಟೆಯ ಸಮೀಪದ ಮನೆಯಾಗಲಿ, ಪ್ರಶ್ನೆಯಲ್ಲಿ ಭೇದವಿಲ್ಲ. ಮನೆಯ ವರ್ಷಗಟ್ಟಲೆಯ ಗಳಿಕೆಯೂ ಮನೆಮಂದಿಯ ಪ್ರಾಣವೂ ಈ ಒಂದು ತೀರ್ಮಾನಕ್ಕೆ ಗಂಟು ಬಿದ್ದಿರುವುದರಿಂದ, ಈ ತಿಂಗಳು ಇದನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನಮಗೆ ತೋರಿತು.

ಮೊದಲನೆಯ ಮಾತು, ಬಂಡಿಯನ್ನು ನೋಡುವುದಕ್ಕೆ ಮುಂಚೆ ಮನೆಯ ಕೆಲಸವನ್ನು ನೋಡಬೇಕು. ಗೋಡೆಯ ಪಂಚಾಂಗದಲ್ಲಿ ಒಂದು ವರ್ಷದ ಲೆಕ್ಕ ಗುರುತು ಹಾಕಿರಿ. ಎಷ್ಟು ದಿನ ಮಕ್ಕಳನ್ನು ಶಾಲೆಗೆ ಬಿಡುವುದು, ಎಷ್ಟು ದಿನ ಆಸ್ಪತ್ರೆಗೆ ಹೋಗುವುದು, ಎಷ್ಟು ದಿನ ಹಾಲು, ಹೂವು, ತರಕಾರಿ ಸಾಗಿಸುವುದು, ಎಷ್ಟು ದಿನ ನಿಜವಾಗಿಯೂ ಭಾರವಾದ ಹೇರು ಇರುವುದು? ಬಹುಪಾಲು ಮನೆಗಳಲ್ಲಿ ಭಾರದ ಹೇರು ಸುಗ್ಗಿಯ ಕೆಲವು ದಿನಗಳಿಗೆ ಸೀಮಿತ. ಮಧುಗಿರಿಯಿಂದ ತುಮಕೂರಿಗೆ ಸುಮಾರು 40 ಕಿಲೋಮೀಟರು, ಪಾವಗಡದಿಂದ ಸುಮಾರು 100 ಕಿಲೋಮೀಟರು. ಈ ದಾರಿಯನ್ನು ಗರ್ಭಿಣಿಯೊಬ್ಬಳು, ಮೊಣಕಾಲು ನೋವಿನ ಅಜ್ಜಿಯೊಬ್ಬರು ಯಾವ ಬಂಡಿಯಲ್ಲಿ ಕುಳಿತು ಕ್ರಮಿಸಬಲ್ಲರು ಎಂಬುದನ್ನು ಸಹ ಆ ಲೆಕ್ಕದಲ್ಲಿ ಸೇರಿಸಬೇಕು. ಬಂಡಿ ಕೊಳ್ಳುವ ವಿಚಾರವು ಗಂಡಸರ ಜಗಲಿಯಲ್ಲಿಯೇ ಮುಗಿದುಹೋಗುವ ಮನೆಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಆದುದರಿಂದ ಮನೆಯ ತಾಯಂದಿರನ್ನೂ ಕೂಡಿಸಿಕೊಂಡು ಕೇಳುವುದು ಒಳ್ಳೆಯದು.

ಎರಡನೆಯದು ತೂಕದ ಮಾತು. ಪ್ರತಿಯೊಂದು ಬಂಡಿಯ ಆರ್‌ಸಿ ಪುಸ್ತಕದಲ್ಲಿ ಎರಡು ಅಂಕಿಗಳಿರುತ್ತವೆ: ಖಾಲಿ ಬಂಡಿಯ ತೂಕ ಮತ್ತು ಹೇರು ಸಹಿತ ಒಟ್ಟು ತೂಕ. ಎರಡರ ಅಂತರವೇ ಆ ಬಂಡಿ ಹೊರಬಲ್ಲ ಭಾರ. ಖಾಲಿ ತೂಕ 1,700 ಕೆ.ಜಿ., ಒಟ್ಟು ತೂಕ 2,700 ಕೆ.ಜಿ. ಎಂದಿದ್ದರೆ ಹೊರುವ ಶಕ್ತಿ ಒಂದು ಟನ್ನು. ಆದರೆ ಒಳಗೆ ಕುಳಿತವರ ತೂಕವೂ ಈ ಒಂದು ಟನ್ನಿನೊಳಗೇ ಸೇರುತ್ತದೆ. ತಲಾ 60 ಕೆ.ಜಿ.ಯಂತೆ ಐವರು ಕುಳಿತರೆ 300 ಕೆ.ಜಿ. ಕಳೆದುಹೋಯಿತು. ಉಳಿದ 700 ಕೆ.ಜಿ.ಗೆ 50 ಕೆ.ಜಿ.ಯ ಹದಿನಾಲ್ಕು ಮೂಟೆ ಮಾತ್ರ. ಬೇಸಿಗೆಯಲ್ಲಿ ನೀರು ಸಾಗಿಸುವವರು ಇನ್ನೊಂದನ್ನು ನೆನಪಿಡಬೇಕು. ಒಂದು ಲೀಟರು ನೀರಿಗೆ ಒಂದು ಕೆ.ಜಿ. ತೂಕ, ಸಾವಿರ ಲೀಟರಿನ ತೊಟ್ಟಿ ತುಂಬಿದರೆ ಅದೊಂದೇ ಟನ್ನಾಗುತ್ತದೆ. ತೊಟ್ಟಿ ಅರ್ಧ ತುಂಬಿದ್ದರೆ ತೂಕ ಕಡಿಮೆಯಾದರೂ, ತಿರುವಿನಲ್ಲಿ ನೀರು ಒಂದೇ ಪಕ್ಕಕ್ಕೆ ನುಗ್ಗಿ ಬಂಡಿಯನ್ನು ಓಲಾಡಿಸುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ.

ಇನ್ನು ಬಂಡಿಗಳ ವಿಚಾರ. ನಮ್ಮ ದೇಶದ ಪೇಟೆಗೆ 1988ರಲ್ಲಿ ಟಾಟಾ ಮೊಬೈಲ್ ಎಂಬ ಪಿಕಪ್ ಬಂದಿತು. 2005ರಲ್ಲಿ ಬಂದ ಟಾಟಾ ಏಸ್ ಹಳ್ಳಿಯ ಓಣಿಯೊಳಕ್ಕೂ ನುಗ್ಗಬಲ್ಲ ಸಣ್ಣ ಹೇರು ಬಂಡಿಯಾಗಿ ಮನೆಮಾತಾಯಿತು. 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಬಂದಿತು. ಮಹೀಂದ್ರ ಬೊಲೆರೊ ಪಿಕಪ್ ನಮ್ಮ ಮಾರುಕಟ್ಟೆಗಳ ಮುಂದೆ ಸಾಲುಗಟ್ಟಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ಇವುಗಳಲ್ಲಿ ಸಾಮಾನ್ಯವಾಗಿ ಮುಂದೆ ಒಂದೇ ಸಾಲು ಆಸನ, ಹಿಂದೆಲ್ಲ ತೊಟ್ಟಿ. ಹೇರಿಗೆ ಉತ್ತಮ, ಸಂಸಾರಕ್ಕೆ ಸಾಲದು. ಎರಡು ಸಾಲು ಆಸನವಿದ್ದು ಐವರು ಒಳಗೆ ಕೂರಬಲ್ಲ, ಹಿಂದೆ ಗಿಡ್ಡ ತೊಟ್ಟಿಯಿರುವ ಜಾತಿ ಇನ್ನೊಂದುಂಟು. ಬೊಲೆರೊ ಕ್ಯಾಂಪರ್ ಈ ಜಾತಿಯದು. ಹೊರುವ ಶಕ್ತಿ ಸುಮಾರು ಒಂದು ಟನ್ನು. 2016ರಲ್ಲಿ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಇದೇ ಜಾತಿಯಲ್ಲಿ ಹೆಚ್ಚು ಸುಖದವು, ಬೆಲೆಯೂ ಹಾಗೆಯೇ ಹೆಚ್ಚು. ಐದಾರು ಎಕರೆಯ ಒಕ್ಕಲುತನಕ್ಕೆ ಆ ಬೆಲೆ ದಕ್ಕುವಂತಹುದಲ್ಲ.

ಹೇರು ಬಂಡಿಯ ಹಿಂದಿನ ಪಟ್ಟಿ ಸ್ಪ್ರಿಂಗುಗಳು ಭಾರಕ್ಕೆಂದೇ ಬಿಗಿಯಾಗಿರುತ್ತವೆ. ಆದ್ದರಿಂದ ಖಾಲಿ ಓಡುವಾಗ ಬಂಡಿ ಕುಲುಕುತ್ತದೆ, ಮಳೆಯಲ್ಲಿ ಹಿಂಗಾಲಿಗಳ ಹಿಡಿತವೂ ಸಡಿಲವಾಗುತ್ತದೆ. ಅಂಗಡಿಯವರು ತೋರಿಸುವ ಹೆದ್ದಾರಿಯ ಓಟವನ್ನು ಮಾತ್ರ ನೋಡಿ ಒಪ್ಪದೆ, ನಮ್ಮೂರಿನ ಹಳ್ಳದ ದಾರಿಯಲ್ಲಿ ಒಮ್ಮೆ ಖಾಲಿಯಾಗಿಯೂ ಒಮ್ಮೆ ಹೇರಿನೊಡನೆಯೂ ಓಡಿಸಿ ನೋಡಬೇಕು. ಮನೆಯ ಹಿರಿಯರನ್ನು ಹಿಂದಿನ ಆಸನದಲ್ಲಿ ಕೂಡಿಸಿ ಹತ್ತಿಳಿಯುವುದನ್ನು ಪರೀಕ್ಷಿಸಬೇಕು. ಹಿಂದಿನ ಆಸನದ ಪ್ರತಿಯೊಬ್ಬರಿಗೂ ಬೆಲ್ಟು ಉಂಟೇ ಎಂದು ಕಣ್ಣಾರೆ ಕಾಣಬೇಕು.

ಮೂರನೆಯದು ಎಳೆಯುವ ವಿಚಾರ. ಅಮೆರಿಕದಂತಹ ದೇಶಗಳಲ್ಲಿ ಪಿಕಪ್ಪಿನ ಹಿಂದೆ ಟ್ರೈಲರು ಕಟ್ಟಿ ದೋಣಿ, ಕುದುರೆ, ಸಾಮಾನುಗಳನ್ನು ಎಳೆಯುವುದು ಸಾಮಾನ್ಯ. ಅಲ್ಲಿ ಎಷ್ಟು ಎಳೆಯಬಹುದೆಂಬುದನ್ನು ತಯಾರಕರೇ ಬರೆದು ಕೊಡುತ್ತಾರೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಸುಮಾರು 1,360 ಕೆ.ಜಿ. ಮೀರಿದ ಟ್ರೈಲರಿಗೆ ಸ್ವಂತ ಬ್ರೇಕು ಇರಲೇಬೇಕೆಂಬ ಕಾನೂನುಂಟು. ನಮ್ಮಲ್ಲಿ ಎಳೆಯುವ ಕೆಲಸ ಟ್ರ್ಯಾಕ್ಟರಿನದು. ಎಂಜಿನಿಗೆ ಶಕ್ತಿಯಿದೆಯೆಂದು ಪಿಕಪ್ಪಿನ ಹಿಂದೆ ಗ್ಯಾರೇಜಿನಲ್ಲಿ ಕೊಕ್ಕೆ ಬೆಸೆಸಿ, ಟ್ರ್ಯಾಕ್ಟರಿನ ಟ್ರೈಲರನ್ನು ಸಿಕ್ಕಿಸುವವರು ಅಲ್ಲಲ್ಲಿ ಕಾಣಬರುತ್ತಾರೆ. ಎಳೆಯುವುದಕ್ಕಿಂತ ನಿಲ್ಲಿಸುವುದೇ ಕಷ್ಟವೆಂಬುದನ್ನು ಅವರು ಮರೆತಿರುತ್ತಾರೆ. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಬ್ರೇಕಿಲ್ಲದ ಟ್ರೈಲರು ಇಳಿಜಾರಿನಲ್ಲಿ ಹಿಂದಿನಿಂದ ತಳ್ಳಿದಾಗ ಮುಂದಿನ ಬಂಡಿ ಅಡ್ಡ ತಿರುಗಿ ಮಡಿಚಿಕೊಳ್ಳುತ್ತದೆ.

ಎರಡು ಗಾಲಿಯ ಟ್ರೈಲರಿಗೆ ಹೇರು ಹೇಗೆ ಹೂಡಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗಾಡಿಯ ಹಿಂಬದಿಗೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತಿತ್ತು. ಮುಂಬದಿಗೆ ಹೆಚ್ಚಾದರೆ ನೊಗ ಹೆಗಲನ್ನು ಒತ್ತುತ್ತಿತ್ತು. ಮುಂದಕ್ಕೆ ಕೊಂಚ ಭಾರ ಬರುವಂತೆ ಹದ ನೋಡಿ ಹೇರುವುದೇ ಜಾಣತನವಾಗಿತ್ತು. ಇಂದಿನ ಟ್ರೈಲರಿಗೂ ಇದೇ ನಿಯಮ. ಟ್ರೈಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಭಾರವು ಕೊಕ್ಕೆಯ ಮೇಲೆ ಕೂರಬೇಕೆಂದು ತಿಳಿದವರು ಹೇಳುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಟ್ರೈಲರು ಹಾವಿನಂತೆ ಹೊರಳಾಡತೊಡಗುತ್ತದೆ. ಕೊಕ್ಕೆಯ ಮೇಲಿನ ಆ ಭಾರವೂ ಎಳೆಯುವ ಬಂಡಿಯ ಹೇರಿನ ಲೆಕ್ಕಕ್ಕೇ ಸೇರುತ್ತದೆ. ಎಳೆಯುವ ಮಿತಿಯನ್ನು ತಯಾರಕರು ಬರೆದುಕೊಡದ ಬಂಡಿಗೆ ಟ್ರೈಲರು ಕಟ್ಟದಿರುವುದೇ ಲೇಸು. ಟ್ರೈಲರು ಸಹ ಕಾನೂನಿನ ದೃಷ್ಟಿಯಲ್ಲಿ ಒಂದು ವಾಹನ. ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು, ಹಿಂದೆ ಕೆಂಪು ದೀಪ ಬೇಕು. ಇರುಳಿನಲ್ಲಿ ದೀಪವಿಲ್ಲದ ಟ್ರೈಲರಿಗೆ ಹಿಂದಿನಿಂದ ಬಂದು ಬಡಿಯುವ ಬೈಕ್ ಸವಾರನೂ ಯಾರದೋ ಮನೆಯ ಮಗನೇ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ತೊಟ್ಟಿಯಲ್ಲಿ ಜನರನ್ನು ಕೂರಿಸಬಾರದು. ಶಿವರಾತ್ರಿಯ ಸಿದ್ಧಗಂಗೆಯ ಜಾತ್ರೆಗೆ, ನಿಬ್ಬಣಕ್ಕೆ, ಕೂಲಿಗೆ ಎಂದು ಪಿಕಪ್ಪಿನ ತೊಟ್ಟಿಯಲ್ಲೂ ಟ್ರ್ಯಾಕ್ಟರಿನ ಟ್ರೈಲರಿನಲ್ಲೂ ಮಕ್ಕಳು ಮರಿಗಳೊಡನೆ ತುಂಬಿಕೊಂಡು ಹೋಗುವುದನ್ನು ನಾವು ನೋಡಿಯೂ ನೋಡದಂತಿದ್ದೇವೆ. 2022ರ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ, ರಾಯಚೂರು ಕಡೆಯಿಂದ ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದ ಇಪ್ಪತ್ತಕ್ಕೂ ಹೆಚ್ಚು ಜನರನ್ನು ತುಂಬಿಕೊಂಡಿದ್ದ ವಾಹನ ಲಾರಿಗೆ ಬಡಿದು 9 ಮಂದಿ ಅಸುನೀಗಿದರು. ಅದು ಸರಕಿನ ಬಂಡಿಯಾಗಿರಲಿಲ್ಲ, ಆಸನಗಳಿದ್ದ ವಾಹನವೇ ಆಗಿತ್ತು. ಆಸನವಿದ್ದ ಬಂಡಿಯಲ್ಲಿ ಜನ ಮಿತಿ ಮೀರಿದರೆ ಹೀಗಾಗುವುದಾದರೆ, ಆಸನವೂ ಇಲ್ಲದ, ಹಿಡಿದುಕೊಳ್ಳಲು ಆಸರೆಯೂ ಇಲ್ಲದ ತೊಟ್ಟಿಯಲ್ಲಿ ಕುಳಿತವರ ಪಾಡೇನು?

ಇದರ ಮೇಲೆ ಕಾನೂನಿನ ಪೆಟ್ಟು ಬೇರೆ. ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಪಿತ್ತಿದೆ. ಸರಕಿನ ಒಡೆಯನಿಗೆ ಅಥವಾ ಅವನು ಕಳುಹಿಸಿದ ಪ್ರತಿನಿಧಿಗೆ ಮಾತ್ರ 1994ರ ತಿದ್ದುಪಡಿಯಿಂದ ರಕ್ಷಣೆಯುಂಟು. ಎಂದರೆ, ನೆರೆಮನೆಯವರನ್ನು ಉಪಕಾರಕ್ಕೆಂದು ತೊಟ್ಟಿಗೆ ಹತ್ತಿಸಿಕೊಂಡು ಅನಾಹುತವಾದರೆ, ಪರಿಹಾರದ ಹೊರೆ ಬಂಡಿಯ ಒಡೆಯನ ಹೊಲಮನೆಯ ಮೇಲೆ ಬೀಳಬಹುದು. ಒಂದೇ ದಿನದಲ್ಲಿ ಎರಡು ಮನೆಗಳು ಹಾಳಾಗುತ್ತವೆ.

ಕಾಗದಪತ್ರಗಳ ವಿಚಾರದಲ್ಲಿ ಕೆಲವು ಅನುಕೂಲಗಳೂ ಉಂಟು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕಿನ ವಾಹನಕ್ಕೆ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಪರ್ಮಿಟ್ಟು ಬೇಕಿಲ್ಲ. ಆದರೆ ಎಫ್‌ಸಿ, ತೆರಿಗೆ, ವಿಮೆ ತಪ್ಪಿದ್ದಲ್ಲ. ಲಘು ವಾಹನದ ಲೈಸೆನ್ಸುಳ್ಳವರು ಒಟ್ಟು ತೂಕ 7,500 ಕೆ.ಜಿ. ಮೀರದ ಸರಕಿನ ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಹೇರು ಮಿತಿ ಮೀರಿದರೆ ಮಾತ್ರ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ತಾವು ಆರಿಸಿದ ಬಂಡಿಯ ನೋಂದಣಿ ಬಿಳಿ ಹಲಗೆಯಲ್ಲೋ ಹಳದಿ ಹಲಗೆಯಲ್ಲೋ ಎಂಬುದನ್ನು, ಮುಂಗಡ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಕಡೆಯದಾಗಿ ಹಣದ ಮಾತು. ಸುಗ್ಗಿಯ ಹದಿನೈದು ದಿನದ ಭಾರವನ್ನು ನೆನೆದು ಇಡೀ ವರ್ಷಕ್ಕೆ ದೊಡ್ಡ ಬಂಡಿ ಕೊಳ್ಳುವುದು ಲಾಭವೇ? ಸಾಕಾಗುವ ಬಂಡಿಗೂ ದೊಡ್ಡ ಬಂಡಿಗೂ ಬೆಲೆಯಲ್ಲಿ ಮೂರು ಲಕ್ಷದ ಅಂತರವಿದೆಯೆಂದು ಭಾವಿಸೋಣ. ಅದನ್ನು ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ಸಾಲ ತಂದರೆ ಮೊದಲ ವರ್ಷ ಬಡ್ಡಿಯೇ 27,000 ರೂಪಾಯಿಯ ಹತ್ತಿರ ಬರುತ್ತದೆ. ಹದಿನೈದು ದಿನಕ್ಕೆ ಹಂಚಿದರೆ ದಿನಕ್ಕೆ 1,800 ರೂಪಾಯಿ ಬಡ್ಡಿಗೇ ಹೋಯಿತು. ಅಸಲು, ಹೆಚ್ಚಿನ ಡೀಸೆಲ್ಲು, ಟಯರು ಬೇರೆ. ಆ ದಿನಗಳಿಗೆ ಊರಿನ ಟ್ರ್ಯಾಕ್ಟರನ್ನೋ ಲಾರಿಯನ್ನೋ ಬಾಡಿಗೆಗೆ ಕರೆದರೆ ಎಷ್ಟಾಗುವುದೆಂದು ವಿಚಾರಿಸಿ ತಾಳೆ ನೋಡಿರಿ. ಬಾಡಿಗೆಯ ಹಣ ಊರಿನವನಿಗೇ ಸೇರುತ್ತದೆ, ಸಾಲದ ಕಂತು ಮಾತ್ರ ಮಳೆ ಬಾರದ ವರ್ಷದಲ್ಲೂ ಬಾಗಿಲಿಗೆ ಬಂದು ನಿಲ್ಲುತ್ತದೆ. ಮಳೆಯನ್ನೇ ನಂಬಿದ ಪಾವಗಡ, ಶಿರಾ ಸೀಮೆಯವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ವಾರಕ್ಕೆ ಮೂರು ನಾಲ್ಕು ದಿನ ಪೇಟೆಗೆ ಹೇರು ಒಯ್ಯುವ ಮನೆಗಳ ಲೆಕ್ಕ ಬೇರೆ. ಅವರು ಒಂದೇ ಸಾಲು ಆಸನದ ಹೇರು ಬಂಡಿಯನ್ನು ಕೊಂಡು, ಮನೆಮಂದಿಯ ಪ್ರಯಾಣಕ್ಕೆ ಬಸ್ಸನ್ನೋ ಹಳೆಯದಾದರೂ ಗಟ್ಟಿಯಾದ ಕಾರನ್ನೋ ನೆಚ್ಚುವುದು ಮೇಲು.

ಆದುದರಿಂದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟು: ಮೊದಲು ಮನೆಮಂದಿಯನ್ನು ಎಣಿಸಿರಿ, ಅಷ್ಟು ಜನಕ್ಕೂ ಬೆಲ್ಟಿರುವ ಆಸನವುಳ್ಳ ಬಂಡಿಗಳನ್ನು ಮಾತ್ರ ಪಟ್ಟಿ ಮಾಡಿರಿ. ಆ ಪಟ್ಟಿಯೊಳಗೆ ವಾರವಾರದ ಹೇರಿಗೆ ಒದಗುವುದನ್ನು ಆರಿಸಿರಿ. ಸುಗ್ಗಿಯ ಹೇರಿಗೆ ಬಾಡಿಗೆ, ಎಳೆಯುವುದಕ್ಕೆ ಟ್ರ್ಯಾಕ್ಟರು, ಜಾತ್ರೆಗೆ ಬಸ್ಸು ಎಂದು ಕೆಲಸಗಳನ್ನು ಹಂಚಿಕೊಳ್ಳಿರಿ. ಮುಂದಿನ ಜಾತ್ರೆಗೆ ಹೊರಡುವಾಗ ಯಾರಾದರೂ ‘ಜಾಗವಿದೆ, ಹಿಂದೆ ಹತ್ತಿಕೊಳ್ಳಿ’ ಎಂದರೆ, ‘ಬೇಡಪ್ಪ, ನಾವು ಬಸ್ಸಿಗೆ ಬರುತ್ತೇವೆ’ ಎಂದು ಹೇಳುವ ಧೈರ್ಯವನ್ನು ಮನೆಯ ಹಿರಿಯರು ತೋರಬೇಕು. ಕಿರಿಯರು ಅದನ್ನು ನೋಡಿಯೇ ಕಲಿಯುತ್ತಾರೆ.