ತೆರೆಯ ಹಿಂದಿನ ಕೇಕು

ರಂಗದ ಮೇಲೆ ಅರಸನಾಗಿ ಮೆರೆದವನು ಒಳಗೆ ಹೋಗಿ, ಕಿರೀಟ ತೆಗೆದಿಟ್ಟು, ಬೆವರು ಒರೆಸಿಕೊಳ್ಳುವುದನ್ನು ಇಣಿಕಿ ನೋಡಬೇಕೆಂದು ಬಯಸದ ಮಗುವಾದರೂ ಉಂಟೆ? ದೊಡ್ಡವರಲ್ಲಿಯೂ ಈ ಆಸೆ ಸತ್ತಿರುವುದಿಲ್ಲ, ಅಡಗಿರುತ್ತದೆ, ಅಷ್ಟೆ. ಲಂಡನ್ ನಗರದಲ್ಲಿ ಈ ಆಸೆಯನ್ನು ಟಿಕೆಟ್ಟು ಕೊಂಡು ತೀರಿಸಿಕೊಳ್ಳಬಹುದು. ಅಲ್ಲಿನ ಹಳೆಯ ನಾಟಕಶಾಲೆಗಳಲ್ಲಿ ಹಲವು ತಮ್ಮ ಹಿಂಬಾಗಿಲನ್ನು ಸಂದರ್ಶಕರಿಗೆ ತೆರೆದಿವೆ. ಅವುಗಳಲ್ಲಿ ಹೆಸರಾದದ್ದು ಡ್ರೂರಿ ಲೇನಿನ ಥಿಯೇಟರ್ ರಾಯಲ್.

ಹೆಸರು ಡ್ರೂರಿ ಲೇನ್ ಎಂದಿದ್ದರೂ ಅದರ ಮುಂಬಾಗಿಲು ಇರುವುದು ಕ್ಯಾಥರೀನ್ ಬೀದಿಯಲ್ಲಿ. ಡ್ರೂರಿ ಲೇನ್ ಅದರ ಬೆನ್ನ ಹಿಂದಿನ ಬೀದಿ. ಇದೇ ನಿವೇಶನದಲ್ಲಿ 1663ರಿಂದಲೂ ನಾಟಕಗಳು ನಡೆಯುತ್ತ ಬಂದಿವೆ. ಈಗ ನಿಂತಿರುವುದು ನಾಲ್ಕನೆಯ ಕಟ್ಟಡ, 1812ರಲ್ಲಿ ತೆರೆದದ್ದು. ಒಳಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಎಡಬಲಗಳ ಎರಡು ಮಹಾಸೋಪಾನಗಳು. ಒಂದು ರಾಜನದು, ಇನ್ನೊಂದು ಯುವರಾಜನದು. ಮೂರನೆಯ ಜಾರ್ಜ್ ದೊರೆಗೂ ಅವನ ಮಗನಿಗೂ ಆಗಿಬರುತ್ತಿರಲಿಲ್ಲ. ಇಬ್ಬರೂ ಎದುರುಬದುರಾಗದಿರಲೆಂದು ದಾರಿಗಳನ್ನೇ ಬೇರ್ಪಡಿಸಿದರೆಂದು ಹೇಳುತ್ತಾರೆ. ತಂದೆ ಮಕ್ಕಳ ಜಗಳ ಅರಮನೆಯಲ್ಲಿಯೂ ತಪ್ಪಿದ್ದಲ್ಲ!

ರಂಗದ ಹಿಂಭಾಗವನ್ನು ಕಂಡವರಿಗೆ ಅದು ನಾಟಕಶಾಲೆಗಿಂತ ಕಾರ್ಖಾನೆಯಂತೆ ತೋರುತ್ತದೆ. ಮೇಲೆ ಹಗ್ಗಗಳು, ದೀಪಗಳು, ಮಡಿಸದೆಯೇ ನೇರವಾಗಿ ಮೇಲಕ್ಕೆ ಹಾರಿಹೋಗುವ ಪರದೆಗಳು, ಕೆಳಗೆ ನೆಲಮಾಳಿಗೆಗಳು. 1890ರ ದಶಕದ ಕೊನೆಯಲ್ಲಿ ಇಲ್ಲಿ ನೀರಿನ ಒತ್ತಡದಿಂದ ಏರಿಳಿಯುವ ರಂಗಫಲಕಗಳನ್ನು ಅಳವಡಿಸಿದ್ದರು. 1902ರಲ್ಲಿ ‘ಬೆನ್ ಹರ್’ ನಾಟಕಕ್ಕೆ ನಿಜವಾದ ಕುದುರೆಗಳೇ ರಥವೆಳೆದು ಓಡಿದವು. ಕಾಲ ಕೆಳಗಿನ ಪಟ್ಟಿ ಹಿಂದಕ್ಕೆ ಸರಿಯುತ್ತಿದ್ದುದರಿಂದ ಎಷ್ಟು ಓಡಿದರೂ ಅವು ಪ್ರೇಕ್ಷಕರ ಕಣ್ಣಮುಂದೆಯೇ ಇದ್ದವು.

ಆದರೆ ಇಲ್ಲಿ ಕೇಳಲೇಬೇಕಾದ ಕಥೆ ಮೂರನೆಯ ಕಟ್ಟಡದ್ದು. ನಾಟಕಕಾರ ಶೆರಿಡನ್ ಇದರ ಒಡೆಯನಾಗಿದ್ದಾಗ, 1794ರಲ್ಲಿ, ಸುಮಾರು 3,600 ಜನ ಕೂರಬಲ್ಲ ಭವ್ಯ ಮಂದಿರವೊಂದು ಎದ್ದಿತು. ಬೆಂಕಿಯ ಭಯ ಬೇಡವೆಂದು ಕಬ್ಬಿಣದ ಪರದೆ ಇಳಿಬಿಟ್ಟರು. ಛಾವಣಿಯ ಮೇಲೆ ನೀರಿನ ತೊಟ್ಟಿಗಳನ್ನು ಕಟ್ಟಿದರು. ನೀರು ಎಷ್ಟಿದೆ ನೋಡಿರೆಂದು ರಂಗದ ಮೇಲೆಯೇ ದೋಣಿ ತೇಲಿಸಿ ತೋರಿಸಿದರು. ಹದಿನೈದು ವರ್ಷ ತುಂಬುವುದರೊಳಗೆ, 1809ರ ಫೆಬ್ರವರಿ 24ರ ರಾತ್ರಿ, ಆ ಕಟ್ಟಡ ಸುಟ್ಟು ಬೂದಿಯಾಯಿತು. ಪರದೆಯೂ ಕಾಯಲಿಲ್ಲ, ನೀರೂ ಕಾಯಲಿಲ್ಲ.

ಆಗ ಶೆರಿಡನ್ ಪಾರ್ಲಿಮೆಂಟಿನಲ್ಲಿದ್ದ. ಸಭೆಯನ್ನು ಮುಂದೂಡೋಣವೆಂದು ಸದಸ್ಯರು ಸೂಚಿಸಿದರೂ ಅವನು ಒಪ್ಪಲಿಲ್ಲ. ಆಮೇಲೆ ಹತ್ತಿರದ ಕಾಫಿ ಮನೆಯಲ್ಲಿ ದ್ರಾಕ್ಷಾರಸ ಹೀರುತ್ತ ಉರಿಯನ್ನು ನೋಡುತ್ತಿದ್ದನಂತೆ. ಇದೇನು ಇಷ್ಟೊಂದು ಶಾಂತಿ ಎಂದು ಕೇಳಿದವರಿಗೆ, ತನ್ನದೇ ಒಲೆಯ ಮುಂದೆ ಕುಳಿತು ಒಂದು ಲೋಟ ಕುಡಿಯುವ ಹಕ್ಕೂ ಮನುಷ್ಯನಿಗಿಲ್ಲವೆ ಎಂದನಂತೆ. ಆ ನಗೆಮಾತಿನ ಹಿಂದಿನ ಸಂಕಟ ದೊಡ್ಡದು. ಮಂದಿರ ಮತ್ತೆ ಎದ್ದಿತು. ಅದರ ಆಡಳಿತದಲ್ಲಿ ಮಾತ್ರ ಅವನಿಗೆ ಸ್ಥಾನವಿರಲಿಲ್ಲ. 1816ರಲ್ಲಿ ಸಾಲದ ಹೊರೆಯಲ್ಲಿಯೇ ಅವನು ತೀರಿಕೊಂಡ.

ಅದೇ 1794ರಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆದಿತ್ತು. ರಾಬರ್ಟ್ ಬ್ಯಾಡ್ಲೆ ಎಂಬ ನಟ ಆ ವರ್ಷದ ನವೆಂಬರಿನಲ್ಲಿ ತೀರಿಕೊಂಡ. ಬಣ್ಣ ಹಚ್ಚುವ ಮೊದಲು ಅವನು ಸಿಹಿತಿಂಡಿ ಮಾಡುವ ಬಾಣಸಿಗನಾಗಿದ್ದವನು. ತನ್ನ ಉಯಿಲಿನಲ್ಲಿ ನೂರು ಪೌಂಡುಗಳನ್ನು ತೆಗೆದಿರಿಸಿ, ಅದರ ಬಡ್ಡಿಯಿಂದ ಪ್ರತಿ ವರ್ಷ ಜನವರಿ 6ರಂದು ಡ್ರೂರಿ ಲೇನಿನ ನಟನಟಿಯರಿಗೆ ಕೇಕನ್ನೂ ದ್ರಾಕ್ಷಾರಸವನ್ನೂ ಕೊಡಬೇಕೆಂದು ಬರೆದಿಟ್ಟಿದ್ದ. 1795ರಲ್ಲಿ ಮೊದಲ ಕೇಕು ಕೊಯ್ದರು. ಆ ಸಂಪ್ರದಾಯ ಬೆಂಕಿಯನ್ನೂ ದಾಟಿ ನಮ್ಮ ಕಾಲದವರೆಗೆ ಬಂದಿದೆ. ಲಕ್ಷಗಟ್ಟಲೆ ಸುರಿದು ಕಟ್ಟಿದ ಮಂದಿರ ಹದಿನೈದು ವರ್ಷ ಬಾಳಲಿಲ್ಲ. ಬಾಣಸಿಗನ ನೂರು ಪೌಂಡು ಎರಡು ಶತಮಾನಗಳನ್ನು ಮೀರಿ ಬಾಳಿತು!

ಸುತ್ತಾಡಿ ಕಾಲು ಸೋತವರಿಗೆ ಚಹವೂ ಉಂಟು. 2021ರಲ್ಲಿ ಮಂದಿರವನ್ನು ಜೀರ್ಣೋದ್ಧಾರ ಮಾಡಿ ತೆರೆದ ಮೇಲೆ ಮಹಡಿಯ ವಿಶಾಲ ಸಭಾಂಗಣದಲ್ಲಿ ಮಧ್ಯಾಹ್ನದ ಚಹದ ಏರ್ಪಾಡು ನಡೆಯಿತು. ಈ ಚಹದ ಪದ್ಧತಿಯೂ ಹಳೆಯದೇ. ರಾತ್ರಿಯ ಊಟ ತಡವಾಗುತ್ತಿದ್ದ ಕಾಲದಲ್ಲಿ, 1840ರ ಸುಮಾರಿಗೆ, ಬೆಡ್‌ಫರ್ಡಿನ ಡಚೆಸ್ ಹಸಿವು ತಾಳದೆ ಆರಂಭಿಸಿದಳೆಂದು ಪ್ರತೀತಿ. ಮೂರಂತಸ್ತಿನ ತಟ್ಟೆಯಲ್ಲಿ ಸೌತೆಕಾಯಿಯ ಸ್ಯಾಂಡ್‌ವಿಚ್, ಕೆನೆ ಹಾಗೂ ಜಾಮ್ ಸವರಿ ತಿನ್ನುವ ಸ್ಕೋನ್, ಬಗೆಬಗೆಯ ಸಿಹಿ. ಇವು ಅದರ ವಾಡಿಕೆಯ ಸರಂಜಾಮು.

ತೆರೆಯ ಹಿಂದನ್ನು ಕಂಡರೆ ನಾಟಕದ ಮೋಹ ಹರಿದುಹೋಗುವುದಿಲ್ಲವೆ ಎಂದು ಅಂಜುವವರುಂಟು. ಆ ಅಂಜಿಕೆ ಬೇಡ. ಮಾಯೆ ಕಡಮೆಯಾಗಬಹುದು, ಅದನ್ನು ಕಟ್ಟುವ ಕೈಗಳ ಮೇಲಿನ ಗೌರವ ಹೆಚ್ಚುತ್ತದೆ. ಹಗ್ಗ ಎಳೆಯುವವನ, ಉಡುಪು ಹೊಲಿಯುವವಳ, ದೀಪ ಹಚ್ಚುವವನ ಹೆಸರು ಪ್ರೇಕ್ಷಕರ ಕಿವಿಗೆ ಬೀಳುವುದು ಅಪರೂಪ. ಸಂಗಡಿಗರ ಹಸಿವನ್ನು ನೆನೆದ ಬ್ಯಾಡ್ಲೆಯ ಕಥೆ ಕೇಳಿ ಚಹಕ್ಕೆ ಕುಳಿತವರು, ಕೈಯಲ್ಲಿನ ಕೇಕಿನ ತುಂಡನ್ನು ಒಂದು ಕ್ಷಣ ಬೇರೆಯ ಕಣ್ಣಿನಿಂದ ನೋಡಿದರೆ ಆ ದಿನದ ವಿಹಾರ ಸಾರ್ಥಕ.